ಲಗ್ನಪತ್ರಿಕೆಯಲ್ಲಿ ಮೊದಲೇ ಅಚ್ಚಾದ ಬಿ.ಎಸ್ಸಿ.

ನನ್ನ ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಅಚ್ಚಾಗಿತ್ತು. ಆಗಿನ್ನೂ ಕೊನೆಯ ವರ್ಷದ ಫಲಿತಾಂಶವೇ ಬಂದಿರಲಿಲ್ಲ. "ಪಾಸಾಗದೆ ಮತ್ತೆಂತ ಆಗ್ತದೆ?" ಎಂದು ಅಪ್ಪಯ್ಯ ಹಾಕಿಸಿಬಿಟ್ಟಿದ್ದರು. ಅವರು ತೀರ್ಥಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ದಿನದ ಟಪಾಲು ಹಂಚುತ್ತಲೇ ಸೈಕಲ್ಲಿನಲ್ಲಿ ಮನೆಮನೆಗೂ ಪತ್ರಿಕೆ ಕೊಟ್ಟು ಬಂದರು. ಮದುವೆಯಾಗಿ ಹದಿನೈದು ದಿನಕ್ಕೆ ಫಲಿತಾಂಶ ಬಂತು. ಉಳಿದದ್ದೆಲ್ಲ ಪಾಸು, ಗಣಿತದ ಒಂದು ಪೇಪರು ಫೇಲು. ವೆಕ್ಟರ್ ಕ್ಯಾಲ್ಕುಲಸ್. ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಊರಿಗೆಲ್ಲ ಹಂಚಿದ ಆ ಮೂರಕ್ಷರವನ್ನು ಸುಳ್ಳು ಮಾಡಿದೆನಲ್ಲ ಎಂಬ ಸಂಕಟ ಇಪ್ಪತ್ತೆರಡು ವರ್ಷ ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲಿ ನಾನು ಹೊಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟು, ಊರಿನ ಅರ್ಧ ಮದುವಣಗಿತ್ತಿಯರಿಗೆ ರವಿಕೆ ಹೊಲಿದಾಗಿತ್ತು. ಹೀಗಿರುವಾಗ ವಿಶ್ವವಿದ್ಯಾಲಯದವರು ನಮ್ಮಂಥ ಹಳೇ ಬಾಕಿದಾರರಿಗೆ ಕಡೆಯದೊಂದು ಅವಕಾಶ ಕೊಟ್ಟರು. ಸಾಗರದ ಕಾಲೇಜಿನಲ್ಲಿ ಬೇಸಿಗೆಯಲ್ಲಿ ಒಂದು ತಿಂಗಳ ತರಗತಿ, ಕೊನೆಗೆ ಪರೀಕ್ಷೆ. ಇದರಲ್ಲೂ ಹೋದರೆ ಮುಗಿಯಿತು, ಇನ್ನೆಂದೂ ಬರೆಯುವಂತಿಲ್ಲ.

ಬೇಸಿಗೆ ಎಂದರೆ ಮದುವೆ ಸೀಸನ್ನು. ನಮ್ಮ ಮನೆಯವರು, "ನೀನು ಹೋಗು, ಅಂಗಡಿ ನಾನ್ ನೋಡ್ಕಳ್ತೀನಿ" ಎಂದರು. ಸೂಜಿಗೆ ದಾರ ಪೋಣಿಸಲು ಬಾರದ ಮನುಷ್ಯ! ಬಂದವರಿಗೆಲ್ಲ "ಸಂಜೆ ಬರ್ತಾಳೆ, ಕೂತ್ಕಳಿ" ಎಂದು ಕಾಫಿ ಕೊಟ್ಟೇ ಒಂದು ತಿಂಗಳು ದಾಟಿಸಿದರು. ಮಗಳ ಮದುವೆಯ ರವಿಕೆ ಕೊಟ್ಟಿದ್ದ ಹೆಂಗಸೊಬ್ಬರು, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ನಲವತ್ನಾಲ್ಕಕ್ಕೇ ಶುರುವಾಯ್ತಲ್ಲೇ" ಎಂದರು. ನಾನೂ ಬಿಡಲಿಲ್ಲ. "ಜಾಸ್ತಿ ಮಾತಾಡಿದ್ರೆ ತೋಳು ಬಿಗಿ ಮಾಡ್ತೀನಿ ನೋಡಿ" ಎಂದೆ.

ಈಚೆಗೆ ಫೇಲಾದ ಹುಡುಗರಿಗೂ ಅದೇ ತರಗತಿ; ಹಳೇ ಬಾಕಿಯೆಂದು ಬಂದವಳು ನಾನೊಬ್ಬಳೇ, ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ಮೊದಲ ದಿನವೇ "ಆಂಟಿ" ಎಂದರು. ಅಕ್ಕ ಎನ್ನದಿದ್ದರೆ ತಂದ ಚಕ್ಕುಲಿ ಕೊಡುವುದಿಲ್ಲ ಎಂದೆ, ಎಲ್ಲರಿಗೂ ಅಕ್ಕನಾದೆ. ಮೇಷ್ಟ್ರೂ ನನಗಿಂತ ಚಿಕ್ಕವರೇ. ಅವರು ನನ್ನನ್ನು ಮೇಡಂ ಎನ್ನುವುದು, ನಾನು ಎದ್ದು ನಿಂತು ಸರ್ ಎನ್ನುವುದು, ಹುಡುಗರು ನಗುವುದು ದಿನವೂ ಇದ್ದದ್ದೇ.

ಹಿಂದೆ ಬಾಯಿಪಾಠ ಮಾಡಿದ್ದನ್ನು ಈ ಸಲ ಅರ್ಥ ಮಾಡಿಕೊಂಡೆ. ಎಕ್ಸ್, ವೈ ಎರಡೂ ಬದಲಾಗುವಾಗ ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಮಾತ್ರ ಕದಲಿಸಿ ನೋಡಬೇಕು. ಬಟ್ಟೆಗೆ ಗುಂಡುಪಿನ್ನು ಚುಚ್ಚಿಟ್ಟು ಒಂದೇ ಬದಿ ಎಳೆದು ನೋಡುವ ಕೈಗೆ ಇದೇನೂ ಹೊಸದಲ್ಲ. ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಟಿಕೆಟಿನ ಹಿಂದೆಯೂ ಲೆಕ್ಕ ಮಾಡುತ್ತಿದ್ದೆ.

ಮೂರನೇ ವಾರ ಸರ್ಫೇಸ್ ಇಂಟಿಗ್ರಲ್ ಬಂತು. ಡಬ್ಬಿಯ ಹಾಗೆ ಎಲ್ಲ ಕಡೆ ಮುಚ್ಚಿದ ಒಂದು ಮೈ ಇದೆ, ಅದರ ಮೂಲಕ ಒಟ್ಟು ಎಷ್ಟು ಹೊರಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವುದು. ಅದಕ್ಕೆ ಮೈಯ ಮೇಲೆಲ್ಲ ನೆಟ್ಟಗೆ ನಿಂತ ಬಾಣಗಳನ್ನು ಕಲ್ಪಿಸಿಕೊಳ್ಳಬೇಕು. ಮೇಷ್ಟ್ರು ಮೇಲೆ ಕೆಳಗೆ ಮುಚ್ಚಳವಿರುವ ಸಿಲಿಂಡರ್ ಕೊಟ್ಟರು. ಎಲ್ಲರಿಗೂ ಮೂವತ್ತಾರು ಪೈ ಬಂತು, ನನಗೆ ಮೈನಸ್ ಮೂವತ್ತಾರು ಪೈ. ಮರುದಿನದ ಐದು ಲೆಕ್ಕಗಳಲ್ಲೂ ಸಂಖ್ಯೆ ಸರಿ, ಮುಂದೆ ಮೈನಸ್ಸು. "ಸಂಖ್ಯೆ ಸರಿ ಇದ್ಯಲ್ಲ ಸರ್" ಎಂದು ವಾದಿಸಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

"ಮೇಡಂ, ಹೊರಗೆ ನೋಡ್ಬೇಕಾದ ನಿಮ್ಮ ಬಾಣ ಎಲ್ಲ ಒಳಗೇ ಯಾಕೆ ನೋಡ್ತಿವೆ? ಅದಕ್ಕೇ ಮೈನಸ್ಸು" ಎಂದರು ಮೇಷ್ಟ್ರು.

ನಾನು ಯೋಚಿಸಿದೆ. ಸಿಲಿಂಡರ್ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಉದ್ದನೆಯ ಗುಂಡುದಿಂಬಿನ ಕವರು, ಅದೂ ಮಿಷನ್ನಿನ ಮೇಲಿರುವಾಗಿನದು. ಬಟ್ಟೆಯ ಚಂದದ ಬದಿಗೆ ನಾನು ಬಾಣ ನೆಟ್ಟಿದ್ದೆ. "ಹೊಲಿಯುವಾಗ ಸೀದಾ ಬದಿ ಒಳಗಿರ್ತದೆ ಸರ್, ಉಲ್ಟಾ ಬದಿ ಹೊರಗೆ" ಎಂದೆ.

ಅವರು ಚಾಕ್‌ಪೀಸು ಹಿಡಿದೇ ನಕ್ಕುಬಿಟ್ಟರು. "ಹಂಗಾದ್ರೆ ಹೊಲ್ದು ಮುಗ್ಸಿ, ಮಗುಚಿ, ಆಮೇಲೆ ಬಾಣ ಹಾಕಿ ಮೇಡಂ."

ಮರುದಿನ ಒಂದು ಗುಂಡುದಿಂಬನ್ನೇ ತೆಗೆದುಕೊಂಡು ಹೋದೆ. ಹುಡುಗರು ಅದರ ಮೈತುಂಬ ಗುಂಡುಪಿನ್ನು ಚುಚ್ಚಿದರು. ಅಂದು ಆ ತರಗತಿಯಲ್ಲಿ ನಕ್ಕಷ್ಟು ನಾನು ಓದುವ ವಯಸ್ಸಿನಲ್ಲೂ ನಕ್ಕಿರಲಿಲ್ಲ.

ಪರೀಕ್ಷೆಯಲ್ಲಿ ಡೈವರ್ಜೆನ್ಸ್ ಥಿಯರಂ ತಾಳೆ ನೋಡಲು ಕೇಳಿದ್ದರು. ಮೈಯಿಂದ ಹೊರಗೆ ಹರಿದದ್ದನ್ನೂ ಒಳಗೆ ಹುಟ್ಟಿದ್ದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಎರಡೂ ಒಂದೇ ಆಗಬೇಕು. ನನಗೆ ಆಗಲಿಲ್ಲ. ಇದೇ ಕಡೆಯ ಅವಕಾಶ. ಒಂದೊಂದೇ ತುಂಡು ಹಿಡಿದು ನೋಡಿದೆ. ತಳದ ಮುಚ್ಚಳವೊಂದನ್ನು ಮಗುಚುವುದು ಮರೆತು, ಅದರ ಬಾಣ ಒಳಗೇ ನೋಡುತ್ತಿತ್ತು. ತಿದ್ದಿದೆ. ಎರಡು ಕಡೆಯೂ ಒಂದೇ ಸಂಖ್ಯೆ ಬಂದಾಗ ಜೋರಾಗಿ "ಹಾಂ!" ಎಂದುಬಿಟ್ಟೆ. ಕೊಠಡಿಯ ಮೇಲ್ವಿಚಾರಕರು ಕಣ್ಣು ಬಿಟ್ಟರು.

ಪಾಸಾದೆ. ಅಂಕಪಟ್ಟಿ ಹಿಡಿದು ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಅಪ್ಪಯ್ಯನಿಗೀಗ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು ಅಂಕಪಟ್ಟಿಯನ್ನು ಎರಡು ಸಲ ಓದಿದರು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಒಂದು ಮಾತು ನಿಂಗೆ ಹೇಳಿಲ್ಲ ಮಾರಾಯ್ತಿ. ಅವತ್ತು ಟಪಾಲು ಕೊಡಾಕೆ ಹೋದಲ್ಲೆಲ್ಲ ಮಗಳ ರಿಸಲ್ಟ್ ಎಂತಾಯ್ತು ಅಂತ ಕೇಳ್ತಿದ್ರು. ನಿಂಗೆ ಯಾರೂ ಒಂದ್ ಮಾತು ಅನ್ಬಾರ್ದು ಅಂತ, ಪಾಸಾಗಿದೆ ಅಂತ ಎಲ್ರಿಗೂ ಹೇಳಿಬಿಟ್ಟೆ. ಸೆಕೆಂಡ್ ಕ್ಲಾಸು ಅಂತ್ಲೂ ಹೇಳ್ದೆ."

"ಅಪ್ಪಯ್ಯಾ!"

"ಈಗ ನೋಡು, ನಿಜವಾಗ್ಲೂ ಪಾಸಾಯ್ತು. ಯಾರಿಗೂ ಹೇಳೋ ಹಂಗಿಲ್ಲ!"

ನಾನು ಫೇಲಾದ ನಾಚಿಕೆಗೆ ಅವರು ಮಾತಾಡಲಿಲ್ಲ ಎಂದುಕೊಂಡಿದ್ದೆ, ಅದಲ್ಲ. ಇಪ್ಪತ್ತೆರಡು ವರ್ಷ ಅವರು ಬಾಯಿ ಮುಚ್ಚಿಕೊಂಡಿದ್ದು ತಮ್ಮದೇ ಸುಳ್ಳನ್ನು ಕಾಪಾಡಲು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಹೇಳಿಕೊಳ್ಳಲು ಊರಲ್ಲಿ ಬೇರೆ ಯಾರೂ ಇಲ್ಲದೆ ಆ ಮಧ್ಯಾಹ್ನ ಅವರು ನನಗೇ ಹೇಳಿದರು. ಊಟಕ್ಕೆ ಕೂತಾಗೊಮ್ಮೆ, ಎಲೆ ಅಡಿಕೆ ಹಾಕುವಾಗೊಮ್ಮೆ, ಕೋಲೂರಿಕೊಂಡು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಮತ್ತೊಮ್ಮೆ, ಕಿವಿಯ ಹತ್ತಿರ ಬಾಗಿ:

"ಗೊತ್ತಾಯ್ತಾ? ನನ್ ಮಗಳು ಬಿ.ಎಸ್ಸಿ. ಪಾಸು."