ಸೆಟ್ಟಣ್ಣ ಆರಿಸಿದ ಜೋಡಿ

ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷಗಳಿಂದ ಹಲ್ಲುಸೆಟ್ಟು ಮಾಡುತ್ತಿದ್ದವನನ್ನು ಎಲ್ಲರೂ ಸೆಟ್ಟಣ್ಣ ಎಂದೇ ಕರೆಯುತ್ತಿದ್ದರು. ಕಪಾಟಿನ ತುಂಬ ಪ್ಲಾಸ್ಟರಿನ ಅಚ್ಚುಗಳು. ಚೀಟಿ ನೋಡದೆಯೇ ಇದು ಯಾರ ದವಡೆ ಎಂದು ಹೇಳಬಲ್ಲ ಕಣ್ಣು ಅವನದು. ಆ ಕಣ್ಣಿನ ಮೇಲೆ ಅವನಿಗೆ ನಂಬಿಕೆ ಒಂದು ಚೂರು ಜಾಸ್ತಿಯೇ ಇತ್ತು. ಯಾರಾದರೂ ಸೆಟ್ಟು ಚುಚ್ಚುತ್ತದೆ ಎಂದರೆ, ಅದನ್ನು ಅವರ ಅಚ್ಚಿನ ಮೇಲೆ ಕೂರಿಸಿ, ಕೂದಲೆಳೆಯಷ್ಟೂ ಸಂದಿಲ್ಲ ಎಂದು ತೋರಿಸಿ, ಅಭ್ಯಾಸವಾಗುತ್ತದೆ ಬಿಡಿ ಎಂದು ಕಳಿಸಿಬಿಡುತ್ತಿದ್ದ.

ಕಾಯುವ ಕೋಣೆಯಲ್ಲಿದ್ದ ಎರಡಡಿ ಉದ್ದದ ಮೀನಿನ ತೊಟ್ಟಿಯೂ ಅವನ ಸುಪರ್ದಿಯಲ್ಲೇ ಇತ್ತು. ಅದರಲ್ಲಿ ಹನ್ನೆರಡು ನಿಯಾನ್ ಮೀನು, ತಳ ಗುಡಿಸಿಕೊಂಡು ಓಡಾಡುವ ನಾಲ್ಕು ಮೀಸೆ ಮೀನು. ಕಾದು ಕೂತವರ ಗಮನ ಒಳಗಿನ ಡ್ರಿಲ್ಲಿನ ಸದ್ದಿನ ಕಡೆ ಹೋಗದಂತೆ, ಸ್ವಲ್ಪ ಗತ್ತಿರುವ ಮೀನು ಒಂದು ಜೋಡಿ ತನ್ನಿ ಎಂದು ಡಾಕ್ಟರಮ್ಮ ಹೇಳಿದರು. ದೊಡ್ಡ ಮೀನು ತಂದರೆ ನಿಯಾನ್‌ಗಳು ಅದರ ಹೊಟ್ಟೆಗೇ. ಸೆಟ್ಟಣ್ಣ ವಿಚಾರಿಸಿ, ಗತ್ತಿಗೆ ಹೆಸರಾದ ಸಿಕ್ಲಿಡ್ ಎಂಬ ಮೀನುಜಾತಿಯಲ್ಲೇ ಹೆಬ್ಬೆರಳಿಗಿಂತ ಉದ್ದ ಬೆಳೆಯದ ರ‍್ಯಾಮ್ ಮೀನೇ ಸರಿ ಎಂದು ತೀರ್ಮಾನಿಸಿದ.

ಅಂಗಡಿಯ ತೊಟ್ಟಿಯಲ್ಲಿ ಹದಿನೈದು ರ‍್ಯಾಮ್‌ಗಳಿದ್ದವು. ಹಳದಿ ಮೈ, ನೀಲಿ ಚುಕ್ಕೆ, ಕಣ್ಣಿನ ಮೇಲೊಂದು ಕಪ್ಪು ಪಟ್ಟಿ. ಒಂದು ಗಂಡು, ಒಂದು ಹೆಣ್ಣು ಬಲೆಯಲ್ಲಿ ಹಿಡಿದುಕೊಟ್ಟರೆ ಅದು ಜೋಡಿಯಾಗುವುದಿಲ್ಲ, ಅವೇ ಒಂದನ್ನೊಂದು ಒಪ್ಪಬೇಕು ಎಂದು ಅಂಗಡಿಯವ ಎಚ್ಚರಿಸಿದ. ಸೆಟ್ಟಣ್ಣನಿಗೆ ಇದು ಹಿಡಿಸಿತು. ಎಂಟು ದಿನ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗಿ, ಸ್ಟೂಲು ಎಳೆದುಕೊಂಡು ಕೂತ. ನನ್ನನ್ನು ಒಪ್ಪಿಕೊಳ್ಳೋಕೆ ಒಂದು ಗಂಟೆಯೂ ತಗೊಳ್ಳದ ಮನುಷ್ಯ ಮೀನಿಗೆ ವಾರಗಟ್ಟಲೆ ಕೂತಿದಾನೆ ಎಂದು ಹೆಂಡತಿ ಗೊಣಗಿದಳು. ಒಂಬತ್ತನೆಯ ದಿನ ಎರಡು ಮೀನುಗಳು ಒಂದು ಚಪ್ಪಟೆ ಕಲ್ಲನ್ನು ತಮ್ಮದಾಗಿ ಮಾಡಿಕೊಂಡು, ಹತ್ತಿರ ಬಂದವರನ್ನೆಲ್ಲ ಅಟ್ಟತೊಡಗಿದವು. ಬೆನ್ನಿನ ರೆಕ್ಕೆ ಉದ್ದವಿದ್ದದ್ದು ಗಂಡು, ಹೊಟ್ಟೆ ಗುಲಾಬಿಯಾಗಿದ್ದದ್ದು ಹೆಣ್ಣು ಎಂದು ಸೆಟ್ಟಣ್ಣ ಅಡ್ಡಗೋಡೆಯ ಮೇಲೆ ದೀಪವಿಡದೆ ಹೇಳಿಬಿಟ್ಟ. ಅಂಗಡಿಯವ ತಲೆ ಕೆರೆದುಕೊಂಡ. ನೋಡಿದವರು ನೀವು, ನಿಮ್ಮಿಷ್ಟ ಎಂದ.

ಆಸ್ಪತ್ರೆಗೆ ಬಂದ ಹತ್ತೇ ದಿನಕ್ಕೆ ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತು. ಸೆಟ್ಟಣ್ಣನ ಕಾಲು ನೆಲದ ಮೇಲಿರಲಿಲ್ಲ. ಆದರೆ ಎರಡು ದಿನದಲ್ಲಿ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಬೂಸ್ಟು ಹಿಡಿದವು. ಎರಡನೆಯ ಸಲವೂ ಅದೇ ಹಾಡು. ನೀರು ಬದಲಿಸಿದ, ಬಿಸಿ ಹೆಚ್ಚಿಸಿದ, ನಿಯಾನ್‌ಗಳನ್ನು ಶಪಿಸಿದ.

ಆ ದಿನಗಳಲ್ಲಿ ನರ್ಸಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು ಮೂರನೆಯ ಬಾರಿ ಸೆಟ್ಟಿನ ದೂರು ಹೊತ್ತು ಬಂದಿದ್ದರು. ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು. ಸರದಿ ಬರುವವರೆಗೂ ತೊಟ್ಟಿಯ ಮುಂದೆ ಕೂತಿದ್ದವರು, ಸೆಟ್ಟಣ್ಣ ಹೊರಗೆ ಬಂದಾಗ ಕೈ ಸನ್ನೆ ಮಾಡಿ ಕರೆದರು. ಸೆಟ್ಟು ಕೈಯಲ್ಲೇ ಇದ್ದುದರಿಂದ ಮಾತು ಸ್ವಲ್ಪ ತೊದಲುತ್ತಿತ್ತು.

"ಇದರಲ್ಲಿ ಗಂಡು ಯಾವುದಪ್ಪ?"

ಸೆಟ್ಟಣ್ಣ ಉದ್ದ ರೆಕ್ಕೆಯದನ್ನು ತೋರಿಸಿದ.

"ಅದೂ ಮೊಟ್ಟೆ ಇಡ್ತಾ ಇದೆ ಕಣಪ್ಪ. ಇದು ಒಂದು ಸಾಲು ಇಟ್ಟು ಪಕ್ಕಕ್ಕೆ ಸರಿಯುತ್ತೆ, ಅದು ಬಂದು ಇನ್ನೊಂದು ಸಾಲು ಇಡುತ್ತೆ. ಅರ್ಧ ಗಂಟೆಯಿಂದ ನೋಡ್ತಾ ಇದೀನಿ. ಎರಡೂ ಹೆಣ್ಣೇ."

ಹಾಗಿರಲಿಕ್ಕಿಲ್ಲ ಎನ್ನಲು ಬಾಯಿ ತೆರೆದವನು ಬಗ್ಗಿ ನೋಡಿದ. ಉದ್ದ ರೆಕ್ಕೆಯ ಮೀನು ಹೊಟ್ಟೆಯನ್ನು ಕಲ್ಲಿಗೆ ತಾಗಿಸಿಕೊಂಡು ನಿಧಾನಕ್ಕೆ ಸಾಗಿತು. ಹಿಂದೆ ಸಾಸಿವೆಗಿಂತ ಸಣ್ಣ ಕಾಳುಗಳು ಒಂದರ ಪಕ್ಕ ಒಂದು ಅಂಟಿಕೊಂಡವು. ಸೆಟ್ಟಣ್ಣನ ಕಿವಿ ಬಿಸಿಯಾಯಿತು. ಕಾದು ಕೂತಿದ್ದ ಇಬ್ಬರು ಮುಸಿಮುಸಿ ನಕ್ಕರು.

ನರ್ಸಮ್ಮನನ್ನು ಒಳಗೆ ಕರೆದುಕೊಂಡು ಹೋದವನು ಅಭ್ಯಾಸಬಲದಿಂದ ಅಚ್ಚಿಗೆ ಕೈ ಹಾಕಿದ. ಯಾಕೋ ಮತ್ತೆ ಕಪಾಟಿನಲ್ಲೇ ಇಟ್ಟ.

"ಎಲ್ಲಿ ಚುಚ್ಚುತ್ತೆ, ಸರಿಯಾಗಿ ತೋರಿಸಿ ನರ್ಸಮ್ಮ."

"ಮೂರು ಸಲ ತೋರಿಸಿದೀನಲ್ಲಪ್ಪ," ಎಂದು ನರ್ಸಮ್ಮ ಎಡಗಡೆಯ ಕೆಳ ಒಸಡಿನ ಮೇಲೆ ಬೆರಳಿಟ್ಟರು. ಡಾಕ್ಟರಮ್ಮನನ್ನು ಕರೆದು ತೋರಿಸಿದರೆ ಅಲ್ಲಿ ಕೆಂಪಗೆ ಹುಣ್ಣಾಗಿತ್ತು. ಅಚ್ಚು ತೆಗೆದಾಗ ಒಸಡು ಊದಿಕೊಂಡಿತ್ತಂತೆ, ಆಮೇಲೆ ಇಳಿದಿತ್ತಂತೆ. ಅಚ್ಚಿಗೆ ಅದೇನು ಗೊತ್ತು. ಸೆಟ್ಟಣ್ಣ ಸೆಟ್ಟಿನ ಅಂಚನ್ನು ಚೂರು ಚೂರೇ ಉಜ್ಜಿ, ಐದು ಸಲ ಬಾಯಿಗೆ ಕೂರಿಸಿ, ಆರನೆಯ ಸಲ ನರ್ಸಮ್ಮ ತಲೆಯಾಡಿಸಿದ ಮೇಲೆಯೇ ಎದ್ದ.

ಮುಂದಿನ ವಾರ ಮೀನಂಗಡಿಗೆ ಹೊರಟಾಗ ಸಂಕೋಚ ಬಿಟ್ಟು ಅವರನ್ನೂ ಜೊತೆಗೆ ಕರೆದ. ಉದ್ದ ರೆಕ್ಕೆಯದನ್ನು ಅಂಗಡಿಯವ ತಕರಾರಿಲ್ಲದೆ ವಾಪಸು ತೆಗೆದುಕೊಂಡ. ನರ್ಸಮ್ಮ ಸ್ಟೂಲು ಬೇಡವೆಂದರು. ನಿಂತೇ ನೋಡಿ, ಮೂಲೆಯಲ್ಲಿದ್ದ, ಅಂಥ ಬಣ್ಣವೇನೂ ಇಲ್ಲದ ಒಂದು ಮೀನಿನತ್ತ ಬೆರಳು ತೋರಿಸಿದರು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಗೊತ್ತಾಗಲಿಲ್ಲ, ಉಳಿದವೆಲ್ಲ ಹೆಣ್ಣು ಅನ್ನಿಸಿತು ಅಷ್ಟೇ ಎಂದರು.

ಹೊಸಬನನ್ನು ಹಳೆಯವಳು ಮೂರು ವಾರ ತೊಟ್ಟಿಯ ತುಂಬ ಅಟ್ಟಾಡಿಸಿದಳು. ಅವನು ಗಿಡದ ಹಿಂದೆ ಅಡಗಿ ದಿನ ತಳ್ಳಿದ. ಇದೂ ಕೆಟ್ಟಿತು ಎಂದು ಸೆಟ್ಟಣ್ಣ ಕೈಚೆಲ್ಲುವ ಹೊತ್ತಿಗೆ, ಇಬ್ಬರೂ ಸೇರಿ ಕಲ್ಲು ಉಜ್ಜುವುದು ಕಂಡಿತು. ಈ ಸಲ ಮೊಟ್ಟೆ ಬೆಳ್ಳಗಾಗಲಿಲ್ಲ. ಮೂರನೆಯ ದಿನ ಕಲ್ಲಿನ ಮೇಲೆ ಬಾಲಗಳು ನಡುಗತೊಡಗಿದವು. ಸೆಟ್ಟಣ್ಣ ನರ್ಸಮ್ಮನಿಗೆ ಫೋನು ಮಾಡಿ ಮರಿಯಾಗಿವೆ ಎಂದ. ಎಷ್ಟು ಎಂದರು. ಎಣಿಸೋಕಾಗಲ್ಲ ಎಂದ.

ಎಲ್ಲ ಮೀನೂ ಒಟ್ಟಿಗಿರುವ ತೊಟ್ಟಿ. ಅಪ್ಪ ಅಮ್ಮ ಎಷ್ಟೇ ಕಾದರೂ ನಿಯಾನ್‌ಗಳು ಸಂದು ನೋಡಿ ನುಗ್ಗುತ್ತಿದ್ದವು. ವಾರ ಕಳೆಯುವುದರೊಳಗೆ ಈಜು ಕಲಿತು ಉಳಿದವು ಒಂಬತ್ತು. ಅವು ಅಮ್ಮನ ಹಿಂದೆ ಗುಂಪಾಗಿ ಓಡಾಡುವುದನ್ನು ನೋಡುತ್ತ ಕೂತ ಹಲ್ಲುನೋವಿನವರು, ಹೆಸರು ಕರೆದರೂ ಏಳದೆ ಇನ್ನೊಂದು ನಿಮಿಷ ಎನ್ನತೊಡಗಿದರು.