ಬಾವನ ಹಲ್ಲು ಯಾವ ಊರಿನದು

ಬೆಳಗಿನ ಹೊತ್ತು ಬಾವಿಕಟ್ಟೆಯ ಪಕ್ಕದಲ್ಲಿ ಬಾವ ಬಾಯಿ ಮುಕ್ಕಳಿಸಿ ಉಗುಳಿದ ನೀರು ತೆಳುಗೆಂಪಾಗಿ ಹರಿದು ಹೋಗುತ್ತಿತ್ತು. ಕುಮಟೆಯ ಅಕ್ಕನ ಮನೆ ಎಂದರೆ ನನಗೆ ಮೊದಲು ಕಾಣುವುದು ಆ ಬಣ್ಣ. ನಿಜಕ್ಕೂ ಅಷ್ಟು ಕೆಂಪಾಗಿತ್ತೋ, ಎಳೆಬಿಸಿಲು ಹಾಗೆ ತೋರಿಸಿತ್ತೋ, ಈಗ ಹೇಳಲಾರೆ.

ಅರವತ್ತರ ದಶಕದ ಆರಂಭ. ಧಾರವಾಡದಲ್ಲಿ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಅಲ್ಲಿಗೆ ಬಂದಿದ್ದೆ. ಬಾವ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಈ ಸಲ ಮುಂಬಯಿಗೆ ಮರಳಿದ ಕೂಡಲೇ ಅವರನ್ನು ಒಲೆಯ ಮುಂದಿನಿಂದ ಎಬ್ಬಿಸಿ ದುಡ್ಡೆಣಿಸುವ ಗಲ್ಲೆಯ ಮೇಲೆ ಕೂರಿಸುವುದಾಗಿ ಹೋಟೆಲಿನ ಯಜಮಾನರು ಹೇಳಿದ್ದರು. ರಜೆ ಮುಗಿದ ಮೇಲೆ ತಡಮಾಡಿದರೆ ಆ ಜಾಗ ಬೇರೆಯವರಿಗೆ.

ಬಾವನ ವಸಡು ಬಾತುಕೊಂಡಿತ್ತು. ಕೆಳಗಿನ ಮುಂದಿನ ಎರಡು ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತಿದ್ದವು. ರಕ್ತ ಬರುತ್ತದೆಂದು ಅಲ್ಲಿ ಹಲ್ಲುಜ್ಜುವುದನ್ನೇ ಬಿಟ್ಟಿದ್ದರು.

"ಯಂಗೆ ಎಂತದೂ ಆಯ್ದಿಲ್ಲೆ. ಬೊಂಬಾಯಿಲಿ ದೊಡ್ಡ ದೊಡ್ಡ ಡಾಕ್ಟರು ಇದ್ದ. ಅಲ್ಲೇ ತೋರಸ್ತೆ," ಎಂದರು ಬಾವ.

"ಹೋದ ಸಲನೂ ಇದನ್ನೇ ಹೇಳಿದ್ರಿ," ಎಂದಳು ಅಕ್ಕ. "ಅಲ್ಲಿದ್ದಾಗ ಊರು, ಊರಿಗೆ ಬಂದಾಗ ಬೊಂಬಾಯಿ. ನಿಮ್ಮ ಹಲ್ಲು ಯಾವ ಊರಿಂದು ಹೇಳಿ ಮೊದ್ಲು ತೀರ್ಮಾನ ಮಾಡಿ."

ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ವಾರಕ್ಕೊಮ್ಮೆ ಕುಮಟೆಯ ಬಾಡಿಗೆ ಕೋಣೆಯೊಂದಕ್ಕೆ ಬರುತ್ತಿದ್ದರು. ಬಾವ ಮೊದಲ ವಾರಗಳನ್ನೆಲ್ಲ ಏನೇನೋ ಹೇಳಿ ದಾಟಿಸಿದರು. ಕೊನೆಗೆ ಡಾಕ್ಟರು ಬರುವ ದಿನ ಒಂದೇ ಉಳಿಯಿತು, ಅದು ಬಾವ ಮುಂಬಯಿಯ ಸ್ಟೀಮರು ಹತ್ತಬೇಕಾದ ದಿನವೇ.

ಬಂದರಿನಲ್ಲಿ ಸಮುದ್ರ ಎಣ್ಣೆ ಸವರಿದಂತೆ ನಿಶ್ಚಲವಾಗಿತ್ತು. ದೂರದಲ್ಲಿ ನಿಂತ ಸ್ಟೀಮರು ನೀರನ್ನು ಮುಟ್ಟದೆ ಗಾಳಿಯಲ್ಲಿ ತೇಲುತ್ತಿರುವ ಹಾಗಿತ್ತು. ದೋಣಿಗೆ ಕಾಯುತ್ತ ನಾವು ಚಪ್ಪರದ ಕೆಳಗೆ ಕೂತೆವು. ಪಕ್ಕದಲ್ಲಿ ಭಟ್ಕಳದ ವ್ಯಾಪಾರಿ ಸಾಹೇಬರೊಬ್ಬರಿದ್ದರು. ವಯಸ್ಸಾದವರು, ಹೊನ್ನಾವರದಲ್ಲಿ ಕೆಲಸ ಮುಗಿಸಿ ಇಲ್ಲಿಂದ ಹೊರಟಿದ್ದರು.

"ಎಂತ ಭಟ್ರೇ, ಬಾಯಿಗೆ ಬೀಗವಾ?"

ಬಾವ ಬಾಯಿಗೆ ಒತ್ತಿಕೊಂಡಿದ್ದ ಟವೆಲು ತೆಗೆಯದೆಯೇ ವಸಡು ಎಂದರು.

"ನಂದೂ ಹಾಗೇ. ಕೊಲಂಬೋದಲ್ಲಿದ್ದಾಗ ಭಟ್ಕಳಕ್ಕೆ ಹೋಗಿ ತೋರಿಸುವಾ ಅಂದೆ. ಭಟ್ಕಳಕ್ಕೆ ಬಂದ್ರೆ, ಇಲ್ಲಿ ಯಾರಿದ್ದಾರೆ, ಕೊಲಂಬೋದಲ್ಲೇ ಆಗ್ಲಿ ಅಂದೆ. ನೋಡಿ ಈಗ!" ಎಂದು ಬಾಯಿ ಅಗಲಿಸಿ ನಕ್ಕರು. ಒಳಗೆ ಒಂದೂ ಹಲ್ಲಿರಲಿಲ್ಲ. "ಬೀವಿ ಮೊಮ್ಮಗನಿಗೂ ನಂಗೂ ಒಂದೇ ಬಟ್ಟಲಲ್ಲಿ ಗಂಜಿ ಕಲಸ್ತಾಳೆ. ಅವನಿಗೆ ಹಲ್ಲು ಬಂತು. ಇನ್ನು ನಾನೊಬ್ಬನೇ."

ಅಕ್ಕ ನಗಲಿಲ್ಲ. ಬಾವನೂ ನಗಲಿಲ್ಲ. ದೋಣಿ ಬಂತು, ಸಾಹೇಬರು ಪಂಚೆ ಎತ್ತಿ ಹತ್ತಿದರು. ಬಾವ ಮೊಣಕಾಲುದ್ದ ನೀರಿನವರೆಗೆ ಹೋಗಿ ನಿಂತರು. ಎಷ್ಟು ಹೊತ್ತು ನಿಂತಿದ್ದರು? ನನ್ನ ನೆನಪಿನಲ್ಲಿ ಅಲೆಗಳು ಕೂಡ ಅಲ್ಲಿ ನಿಂತಿವೆ, ಅದಕ್ಕೇ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ದೋಣಿಯವನು "ಹತ್ತುದಾದ್ರೆ ಹತ್ತಿ ಮಾರಾಯ್ರೆ" ಎಂದದ್ದು, ಬಾವ ಟ್ರಂಕು ಹೊತ್ತು ಒದ್ದೆ ಪಂಚೆಯಲ್ಲಿ ದಡಕ್ಕೆ ತಿರುಗಿದ್ದು ಮಾತ್ರ ಖಂಡಿತ.

ಡಾಕ್ಟರ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ. ಅವರು ಹಲ್ಲುಗಳನ್ನು ಬೆರಳಿನಿಂದ ಅಲುಗಿಸಿ ನೋಡಿ, ಬುಡಕ್ಕೆ ಕಟ್ಟಿಕೊಂಡ ಕಿಟ್ಟ ಕೆರೆದು ತೆಗೆಯಬೇಕು, ರಕ್ತ ಬಂದರೂ ಅಲ್ಲಿ ದಿನಾ ಉಜ್ಜಬೇಕು ಎಂದರು. "ಉಳಿದಾವು, ಆದ್ರ ಒಂದ್ ಸಲಕ್ಕ ಆಗೂದಿಲ್ಲ. ಮುಂದಿನ ವಾರಾನೂ ಬರ್ಬೇಕು, ಅದರ ಮುಂದಿನ ವಾರಾನೂ. ಆಕ್ಕೈತಿ?"

ಬಾವ ಬಾಯಿ ತೆರೆದೇ ಇದ್ದರು. ಆಗಲೇ ಸ್ಟೀಮರು ಕೂಗಿತು. ಅಷ್ಟು ದೂರಕ್ಕೆ ಅದು ಕೇಳಿಸುತ್ತಿರಲಿಲ್ಲವೆಂದು ಅಕ್ಕ ಈಗಲೂ ವಾದಿಸುತ್ತಾಳೆ. ನಾನಂತೂ ಕೇಳಿದೆ. ಬಾವ ಕಣ್ಣು ಮುಚ್ಚಿ, ಡಾಕ್ಟರಿಗೆ ಹೌದೆಂದು ತಲೆಯಾಡಿಸಿದರು.