ಹದಿನೈದನೇ ತಿಂಗಳು

ಗಾಜಿನ ಬಳೆಗಳು ಕೀಬೋರ್ಡಿಗೆ ಬಡಿಯುವ ಸದ್ದು! ಎರಡು ಸಾವಿರದ ಇಸವಿಯ ಆ ಜೂನ್ ಎಂದರೆ ನನಗೆ ಇಂದಿಗೂ ಅದೇ. ಬೆಳಗಾವಿಯ ನಮ್ಮ ನರ್ಸಿಂಗ್ ಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್, ಅವರು ಕಂಪ್ಯೂಟರ್ ಅಕ್ಕೋರು. ಖಾನಾಪುರದಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಕೈತುಂಬ ಹಸಿರು ಬಳೆ, ಬಾಯಿತುಂಬ ಮಾತು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ ಮಾಡೆಸ್ಟಿ ಅವರ ಬಳಿ ಸುಳಿದಿರಲೇ ಇಲ್ಲ.

"ಜಾವಾದಾಗ ಪ್ರೋಗ್ರಾಮ್ ಬರದೀನ್ರಿ ಟೀಚರ. ಇನ್ನ ನಿಮ್ಮ ಕೆಂಪು ಪೆನ್ನಿಗೆ ರಜಾ!"

ಅಡ್ಮಿಶನ್ ಫಾರ್ಮುಗಳನ್ನು ಅದುವರೆಗೆ ನಾನೇ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದೆ. ಇನ್ನು ಹುಡುಗಿಯರು ಅವನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಹುಟ್ಟಿದ ದಿನಾಂಕ ನೋಡಿ ಅದು ವಯಸ್ಸು ಹೇಳುತ್ತದೆ. ಹದಿನೇಳು ತುಂಬಿರದಿದ್ದರೆ ಸೀಟಿಲ್ಲ.

ಜೂನ್ ಮೂವತ್ತು, ಫಾರ್ಮ್ ತುಂಬುವ ಕೊನೆಯ ದಿನ. ಮಧ್ಯಾಹ್ನ ದೇಸೂರಿನ ಹುಡುಗಿಯೊಬ್ಬಳಿಗೆ ಅದು ಹದಿನಾರು ಎಂದಿತು. ಅವಳ ತಾಯಿ ಮೇಜಿಗೆ ಕೈಯೂರಿ ನಿಂತಳು.

"ಎಂಬತ್ಮೂರು, ಜೂನ್ ಹದಿನೈದು. ಹಡದಾಕಿ ನಾನು. ನನಕಿಂತ ಆ ಡಬ್ಬಿಗೆ ಹೆಚ್ಚು ಗೊತ್ತೈತೇನ್ರಿ?"

ಪ್ರಿನ್ಸಿಪಾಲರು ಸೀಟಿಲ್ಲವೆಂದು ತಲೆಯಾಡಿಸಿದರು. ಅಷ್ಟು ದಿನ ಆ ಡಬ್ಬಿ ಒಮ್ಮೆಯೂ ತಪ್ಪಿರಲಿಲ್ಲವಲ್ಲ!

ಅಕ್ಕೋರು ಪರದೆಯನ್ನೇ ನೋಡುತ್ತಿದ್ದವರು ಹಣೆ ಬಡಿದುಕೊಂಡರು. ದಿನಾಂಕದ ಭಾಗವನ್ನು ಅಮೆರಿಕದ ಪುಸ್ತಕವೊಂದರಿಂದ ತೆಗೆದುಕೊಂಡಿದ್ದರು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹದಿನೈದನ್ನು ತಿಂಗಳೆಂದು ಓದಿದ ಜಾವಾ, ಹದಿನೈದನೇ ತಿಂಗಳು ಇಲ್ಲವೆನ್ನುವ ಬದಲು ಡಿಸೆಂಬರಿನಾಚೆ ಮೂರು ತಿಂಗಳು ಎಣಿಸಿ ಮುಂದಿನ ವರ್ಷದ ಮಾರ್ಚಿಗೆ ದಾಟಿ, ಹುಡುಗಿಯನ್ನು ಚಿಕ್ಕವಳಾಗಿಸಿತ್ತು. ಹಾಗಾದರೆ ಉಳಿದವರು? ನಮ್ಮ ಕಡೆ ಸಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದನ್ನೇ ಬರೆಯುವುದು ರೂಢಿ. ಅದನ್ನು ತಿರುಗಿಸಿ ಓದಿದರೂ ಜನವರಿ ಆರು, ಯಾರ ವಯಸ್ಸೂ ಕಡಿಮೆಯಾಗದು. ಖರೇ ತಾರೀಖು ಹೇಳಿದವಳೇ ಸಿಕ್ಕಿಬಿದ್ದಿದ್ದಳು.

"ತಪ್ಪು ನಂದ ಐತ್ರಿ ಸರ್. ಲಿಸ್ಟ್ ಮುಚ್ಚೂದ್ರಾಗ ಸರಿ ಮಾಡ್ತೀನಿ, ನೋಡ್ತಿರ್ರಿ."

ಬಳೆಗಳ ಆರ್ಭಟ ಶುರುವಾಯಿತು. ದಿನ ಮೊದಲಿಗೆ ಬಂತು. "ಇದು ಭಾಳ ಉದಾರಿ ಆಗಿತ್ರಿ, ಇಲ್ಲದ ತಿಂಗಳಾನೂ ನಡಸ್ಕೋತಿತ್ತು. ಈಗ ಬಿಗಿ ಮಾಡೀನಿ. ಮೋಸ ಮಾಡ್ರಿ ನೋಡೂಣು, ಟೀಚರ!"

ನಾನು ಫೆಬ್ರುವರಿ ಮೂವತ್ತು ಎಂದು ಹೊಡೆದೆ. ಕೆಂಪು ಅಕ್ಷರ ಮೂಡಿತು: ಇಂಥ ದಿನಾಂಕವಿಲ್ಲ. ಹಳೆಯ ಫಾರ್ಮುಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಯಾರ ಸೀಟೂ ಹೋಗಲಿಲ್ಲ. ಕೊನೆಗೆ ಆ ಹುಡುಗಿ ತನ್ನದನ್ನು ಹೊಡೆದಳು. ಹದಿನೇಳು!

"ಈಗ ಶಾಣ್ಯಾ ಆತು ನೋಡ್ರಿ ಡಬ್ಬಿ!" ಎಂದಳು ತಾಯಿ. ಪ್ರಿನ್ಸಿಪಾಲರೂ ಚಪ್ಪಾಳೆ ತಟ್ಟಿದರು. ಅಂಥ ಗ್ರ್ಯಾಂಡ್ ಸಂಜೆ ಆ ಆಫೀಸು ಮತ್ತೆ ಕಾಣಲಿಲ್ಲ.

ಅಕ್ಕೋರನ್ನು ನಾನು ಕೊನೆಯ ಸಲ ನೋಡಿದ್ದು ಆ ಹುಡುಗಿ ಬಿಳಿ ಕ್ಯಾಪ್ ತೊಟ್ಟು, ದೀಪ ಹಿಡಿದು ನರ್ಸ್ ಪ್ರತಿಜ್ಞೆ ಮಾಡಿದ ದಿನ. ಗಂಡನಿಗೆ ವರ್ಗವಾಗಿ ಅವರು ಊರು ಬಿಡುವವರಿದ್ದರು. ತಾಯಿ ಅವರ ಎರಡೂ ಕೈ ಹಿಡಿದು, "ನಿಮ್ಮಿಂದ ಆತ್ರೀ ಅಕ್ಕೋರ" ಎಂದಳು.

ಹೊಗಳಿಕೆಗೆ ಎಂದೂ ಬೇಡವೆನ್ನದ ಅಕ್ಕೋರು ನಕ್ಕರು. "ಹೌದ್ರಿ, ನನ್ನಿಂದನ! ಆದ್ರ ಅರ್ಧಾ ನಿಮ್ಮಿಂದ. ನೀವೂ ಜೂನ್ ಒಂದು ಬರಸಿದ್ರ ನನ್ನ ತಪ್ಪು ಯಾರಿಗೆ ಸಿಗ್ತಿತ್ತು?"